ರೋಡ್ ರೋಲರ್: ಮೇಲೆ ಕೂತವರ ಮೈ, ಪಕ್ಕದಲ್ಲಿ ನಡೆಯುವವರ ಜೀವ

ಒಬ್ಬ ರೋಲರ್ ಆಪರೇಟರ್ ನನ್ನ ದವಾಖಾನೆಗೆ ಬಂದಿದ್ದರು. ವಯಸ್ಸು ಐವತ್ತರ ಹತ್ತಿರ. ಎರಡೂ ಅಂಗೈ ಒಣಗಿದ ಕೆರೆಯಂತೆ ಬಿರುಕು ಬಿಟ್ಟಿದ್ದವು. ಬೆರಳ ಸಂದಿಗಳಲ್ಲಿ ನೀರು ಜಿನುಗುತ್ತಿತ್ತು. "ಹಕೀಮ್ ಸಾಹೇಬರೇ, ಮೂರು ತರಹದ ಮುಲಾಮು ಹಚ್ಚಿದೆ. ಹೋಗ್ತಾನೇ ಇಲ್ಲ" ಎಂದರು. ಕೈಯನ್ನು ಯಾವುದರಿಂದ ತೊಳೆಯುತ್ತೀರಿ ಎಂದು ಕೇಳಿದೆ. ಸ್ವಲ್ಪ ಸಂಕೋಚದಿಂದಲೇ ಹೇಳಿದರು: "ಡೀಸೆಲ್‌ನಿಂದ. ಡಾಂಬರು ಅಂಟಿಕೊಂಡಿದ್ದರೆ ವುಝೂ ಆಗಲ್ಲ ಅಲ್ವಾ? ಝುಹರ್‌ಗೆ ಒಂದು ಸಲ, ಅಸರ್‌ಗೆ ಒಂದು ಸಲ, ಮನೆಗೆ ಹೋಗುವಾಗ ಇನ್ನೊಂದು ಸಲ."

ಅವರಿಗೆ ಕಜ್ಜಿಯೂ ಇರಲಿಲ್ಲ, ಹುಳುಕಡ್ಡಿಯೂ ಇರಲಿಲ್ಲ. ದಿನಕ್ಕೆ ಮೂರು ಸಲ ಡೀಸೆಲ್ ತಿಕ್ಕಿ ಚರ್ಮದ ಎಣ್ಣೆಯ ಪಸೆಯನ್ನೆಲ್ಲ ಕಳೆದುಕೊಂಡಿದ್ದರು. ನಾನು ಕೊಟ್ಟ ಔಷಧಿಗಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಸಣ್ಣ ಬಾಟಲಿ ಕೊಬ್ಬರಿ ಎಣ್ಣೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ನಮ್ಮ ಸಮುದಾಯದಲ್ಲಿ ಲಾರಿ, ಜೆಸಿಬಿ, ರೋಲರ್ ಓಡಿಸುವವರು, ಅವುಗಳನ್ನು ರಿಪೇರಿ ಮಾಡುವವರು ಬಹಳ ಮಂದಿ ಇದ್ದಾರೆ. ಈ ಪತ್ರಿಕೆ ಓದುವ ನಿಮ್ಮ ಮನೆಯಲ್ಲೇ ತಂದೆಯೋ ಅಣ್ಣನೋ ಅಳಿಯನೋ ಆ ಕೆಲಸದಲ್ಲಿರಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಬಗ್ಗೆ ನಾವು ಎಷ್ಟೋ ಬರೆಯುತ್ತೇವೆ. ದಿನಕ್ಕೆ ಎಂಟು ಹತ್ತು ಗಂಟೆ ಒಂದು ಯಂತ್ರದ ಮೇಲೆ ಕೂರುವವನ ಮೈಗೆ ಏನಾಗುತ್ತದೆ ಎಂದು ಬರೆಯುವುದು ಕಡಿಮೆ. ಯುನಾನಿ ವೈದ್ಯದಲ್ಲಿ ಹಿಫ್ಝ್-ಎ-ಸಿಹತ್, ಅಂದರೆ ಆರೋಗ್ಯವನ್ನು ಕಾಯ್ದುಕೊಳ್ಳುವುದು, ಚಿಕಿತ್ಸೆಗಿಂತ ಮೊದಲು ಬರುತ್ತದೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದದ್ದು ಹೋಗುವುದು, ಉಳಿಯಬೇಕಾದದ್ದು ಉಳಿಯುವುದು. ಅಸ್ಬಾಬ್-ಎ-ಸಿತ್ತಾ ಝರೂರಿಯಾ ಎಂದು ಕರೆಯುವ ಈ ಆರು ಸಂಗತಿಗಳ ಸಮತೋಲ ತಪ್ಪಿದರೆ ರೋಗ. ರೋಲರ್ ಆಪರೇಟರನ ಒಂದು ದಿನವನ್ನು ಗಮನಿಸಿದರೆ ಆರೂ ಒಟ್ಟಿಗೆ ಕೆಡುವುದನ್ನು ಕಾಣಬಹುದು.

ಮೈಯ ಮಾತಿಗೆ ಬರುವ ಮೊದಲು ಜೀವದ ಮಾತು.

ಗಾಲಿಯ ಪಕ್ಕದ ಹುಡುಗ

ರಸ್ತೆ ಕೆಲಸ ನಡೆಯುವಾಗ ನೀವು ನೋಡಿರುತ್ತೀರಿ. ಎಂಟು ಹತ್ತು ಟನ್ ತೂಕದ ರೋಲರ್ ಹಿಂದಕ್ಕೂ ಮುಂದಕ್ಕೂ ಚಲಿಸುತ್ತಿರುತ್ತದೆ. ಅದರ ಪಕ್ಕದಲ್ಲೇ ಒಬ್ಬ ಹುಡುಗ ಬಕೆಟ್ ಮತ್ತು ಒದ್ದೆ ಗೋಣಿಚೀಲ ಹಿಡಿದು ನಡೆಯುತ್ತಿರುತ್ತಾನೆ. ಬಿಸಿ ಡಾಂಬರು ಗಾಲಿಗೆ ಅಂಟಬಾರದೆಂದು ಗಾಲಿಯನ್ನು ಒರೆಸುತ್ತಾ ಹೋಗುವುದು ಅವನ ಕೆಲಸ. ರೋಲರಿನ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್ ಮಾತ್ರ, ಮನುಷ್ಯ ನಡೆಯುವಷ್ಟೇ. ಇಷ್ಟು ನಿಧಾನದ ಗಾಡಿ ಯಾರಿಗೆ ಏನು ಮಾಡೀತು ಎಂಬ ಧೈರ್ಯ ಹುಟ್ಟುವುದೂ ಇದರಿಂದಲೇ. ಆದರೆ ಚಪ್ಪಲಿಯ ತುದಿ ಗಾಲಿಯ ಅಡಿಗೆ ಸಿಕ್ಕಿದರೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲು ಸಮಯ ಸಿಗುವುದಿಲ್ಲ. ಹಾಗೆ ಪಾದ ಕಳೆದುಕೊಂಡ ಒಬ್ಬ ಯುವಕನನ್ನು ನಾನು ಬಲ್ಲೆ. ಆ ದಿನ ಅವನ ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ. ಆಪರೇಟರ್ ರಿವರ್ಸ್ ತೆಗೆದದ್ದು ಅವನಿಗೆ ಗೊತ್ತಾಗಲಿಲ್ಲ, ಅವನು ಬಗ್ಗಿದ್ದು ಆಪರೇಟರಿಗೆ ಕಾಣಲಿಲ್ಲ. ತಪ್ಪು ಯಾರದೆಂಬ ಜಗಳ ಬಹಳ ದಿನ ನಡೆಯಿತು. ಪಾದ ಮಾತ್ರ ಬರಲಿಲ್ಲ.

ಇಲ್ಲಿ ಯಂತ್ರದ ನಿರ್ವಹಣೆಗೂ ಆ ಹುಡುಗನ ಪಾದಕ್ಕೂ ನೇರ ಸಂಬಂಧವಿದೆ. ಡಾಂಬರು ಕೆಲಸದ ರೋಲರ್‌ಗಳಲ್ಲಿ ಗಾಲಿಗೆ ನೀರು ಚಿಮುಕಿಸುವ ವ್ಯವಸ್ಥೆ ಇರುತ್ತದೆ. ನೀರಿನ ಟ್ಯಾಂಕ್, ಪೈಪು, ಸಣ್ಣ ಸಣ್ಣ ನಾಝಲ್‌ಗಳು. ಗಾಲಿಗೆ ಅಂಟಿದ್ದನ್ನು ಕೆರೆದು ತೆಗೆಯುವ ಪಟ್ಟಿಯೂ ಇರುತ್ತದೆ. ಕೊಳಕು ನೀರು ತುಂಬಿಸಿದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ತೊಳೆಯದಿದ್ದರೂ ಅಷ್ಟೆ. ಕೆರೆಯುವ ಪಟ್ಟಿ ಸವೆದರೆ ಡಾಂಬರು ಗಾಲಿಯಲ್ಲೇ ಉಳಿಯುತ್ತದೆ. ಆಗ ಗೋಣಿಚೀಲ ಕೊಟ್ಟು ಹುಡುಗನನ್ನು ಇಳಿಸುತ್ತಾರೆ. ಅಂದರೆ ಬೆಳಿಗ್ಗೆ ಹತ್ತು ನಿಮಿಷ ಉಳಿಸಲು ಹೋಗಿ ಒಬ್ಬ ಮನುಷ್ಯನನ್ನು ದಿನವಿಡೀ ಹತ್ತು ಟನ್ ಕಬ್ಬಿಣದ ಪಕ್ಕದಲ್ಲಿ ನಡೆಸುತ್ತಾರೆ. ಶುದ್ಧ ನೀರು ತುಂಬಿಸಿ. ನಾಝಲ್‌ಗಳನ್ನು ದಿನಾ ಬಿಚ್ಚಿ ತೊಳೆಯಿರಿ. ಒರೆಸಲೇಬೇಕಾಗಿ ಬಂದರೆ ಯಂತ್ರ ನಿಲ್ಲಬೇಕು, ಒರೆಸುವವನು ಆಪರೇಟರನ ಕಣ್ಣಿಗೆ ಕಾಣುವಲ್ಲಿ ನಿಲ್ಲಬೇಕು. ನೀರಿನ ಬದಲು ಡೀಸೆಲ್ ಒರೆಸುವ ಪದ್ಧತಿಯೂ ಇದೆ. ಅದು ರಸ್ತೆಯ ಡಾಂಬರನ್ನೂ ಕೆಡಿಸುತ್ತದೆ, ಒರೆಸುವವನ ಕೈಯನ್ನೂ ಕೆಡಿಸುತ್ತದೆ, ಬೆಂಕಿಯ ಭಯವೂ ಇದೆ.

ರಿವರ್ಸ್ ಹಾರ್ನ್ ಕಿರಿಕಿರಿ ಎಂದು ಅದರ ತಂತಿ ಕಿತ್ತಿಡುವವರನ್ನು ನೋಡಿದ್ದೇನೆ. ರೋಲರ್ ದಿನದಲ್ಲಿ ಅರ್ಧದಷ್ಟು ದೂರವನ್ನು ಹಿಂದಕ್ಕೇ ಓಡುವ ಯಂತ್ರ. ಆ ಹಾರ್ನ್ ಕಿತ್ತರೆ ಅದಕ್ಕೆ ಬೆನ್ನ ಹಿಂದೆ ಬಾಯಿಯೇ ಇಲ್ಲದಂತಾಗುತ್ತದೆ.

ಇನ್ನೊಂದು ಅಭ್ಯಾಸ ನನಗೆ ಬಹಳ ಭಯ ಹುಟ್ಟಿಸುತ್ತದೆ. ಮರವೇ ಇಲ್ಲದ ರಸ್ತೆಯಲ್ಲಿ ಮಧ್ಯಾಹ್ನದ ಊಟದ ನಂತರ ಕೆಲಸಗಾರರು ರೋಲರಿನ ನೆರಳಲ್ಲಿ ಗಾಲಿಗೆ ತಲೆ ಕೊಟ್ಟು ಮಲಗುತ್ತಾರೆ. ಕೆಲವೊಮ್ಮೆ ಅವರ ಜೊತೆ ಬಂದ ಪುಟ್ಟ ಮಕ್ಕಳೂ ಮಲಗಿರುತ್ತವೆ. ಎತ್ತರದಲ್ಲಿ ಕೂತವನಿಗೆ ಗಾಲಿಯ ಬುಡ ಕಾಣುವುದಿಲ್ಲ. ಆಪರೇಟರ್ ಆಗಿದ್ದರೆ ಒಂದು ನಿಯಮ ಮಾಡಿಕೊಳ್ಳಿ. ಹತ್ತುವ ಮೊದಲು ಪ್ರತಿ ಸಲವೂ ಯಂತ್ರವನ್ನು ಪೂರ್ತಿ ಒಂದು ಸುತ್ತು ಹಾಕಿ ನೋಡಬೇಕು. ಚಹಾ ಕುಡಿಯಲು ಐದು ನಿಮಿಷ ಇಳಿದಿದ್ದರೂ ಸರಿಯೇ. ಬಿಸ್ಮಿಲ್ಲಾಹ್ ಹೇಳಿ ಹತ್ತುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಆ ಸುತ್ತು ಮುಗಿದ ಮೇಲೆ ಹೇಳಿದರಾಯಿತು.

ತಾಯಂದಿರೇ, ನಿಮ್ಮ ಬೀದಿಯಲ್ಲಿ ರಸ್ತೆ ಕೆಲಸ ನಡೆದಾಗ ರಾತ್ರಿ ರೋಲರ್ ಅಲ್ಲೇ ನಿಂತಿರುತ್ತದೆ. ಬೆಳಗಾದರೆ ಮಕ್ಕಳಿಗೆ ಅದೇ ಕುದುರೆ. ಹತ್ತಿ ಲಿವರ್ ಎಳೆದಾಡುತ್ತಾರೆ. ಇಳಿಜಾರಿನಲ್ಲಿ ನಿಂತ ಯಂತ್ರ ಒಮ್ಮೆ ಜಾರಿದರೆ ಅದನ್ನು ತಡೆಯುವವರು ಯಾರೂ ಇಲ್ಲ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕೀಲಿ ಅದರಲ್ಲೇ ಬಿಟ್ಟು ಹೋಗಿದ್ದರೆ ಮೇಸ್ತ್ರಿಗೆ ಜೋರಾಗಿಯೇ ಹೇಳಿ.

ನಿಲ್ಲಿಸುವ ಬಗ್ಗೆ ಆಪರೇಟರ್ ಬಂಧುಗಳಿಗೂ ಒಂದು ಮಾತು. ಶುಕ್ರವಾರ ಖುತ್ಬಾ ಶುರುವಾಯಿತೆಂದು ಯಂತ್ರವನ್ನು ಸಿಕ್ಕಲ್ಲಿ ನಿಲ್ಲಿಸಿ, ಎಂಜಿನ್ ಕೂಡ ಆರಿಸದೆ ಮಸೀದಿಗೆ ಓಡುವವರಿದ್ದಾರೆ. ಸಮತಟ್ಟಾದ ಜಾಗ ನೋಡಿ, ಲಿವರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿ, ಗಾಲಿಗೆ ಅಡ್ಡ ಕಲ್ಲೋ ಮರದ ತುಂಡೋ ಕೊಟ್ಟು ಹೋಗಿ. ಇದಕ್ಕೆ ಹಿಡಿಯುವುದು ಎರಡು ನಿಮಿಷ. ಮಸೀದಿಗೆ ಐದು ನಿಮಿಷ ಮೊದಲೇ ಹೊರಡುವುದು ಇದಕ್ಕಿರುವ ಉಪಾಯ.

ಮಗುಚುವುದು

ರೋಲರ್ ಭಾರವಾದ್ದರಿಂದ ಮಗುಚುವುದಿಲ್ಲ ಎಂದು ಜನ ತಿಳಿದಿದ್ದಾರೆ. ಅದರ ಉಕ್ಕಿನ ಗಾಲಿಗೆ ಟಯರಿನಷ್ಟು ಹಿಡಿತ ಇರುವುದಿಲ್ಲ. ಹೊಸದಾಗಿ ಮಣ್ಣು ತುಂಬಿದ ರಸ್ತೆಯ ಅಂಚು, ಕಾಲುವೆಯ ದಂಡೆ, ಮಳೆ ಬಿದ್ದ ಇಳಿಜಾರು, ಇವು ಮೂರೂ ರೋಲರ್ ಮಗುಚುವ ಜಾಗಗಳು. ಅಂಚಿನ ಮಣ್ಣು ಕಣ್ಣಿಗೆ ಗಟ್ಟಿಯಾಗಿ ಕಂಡರೂ ಒಳಗೆ ಸಡಿಲ ಇರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಓಡಿಸಬೇಡಿ, ನೇರ ಹತ್ತಿ ನೇರ ಇಳಿಯಿರಿ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಗೇರ್ ತಪ್ಪಿಸಿ ಬಿಡುವ ಚಾಳಿ ಹಳೆಯ ಮೂರು ಗಾಲಿಯ ರೋಲರ್ ಓಡಿಸಿದವರಲ್ಲಿ ಇದೆ. ಅಷ್ಟು ತೂಕ ಒಮ್ಮೆ ಓಡಲು ಶುರುವಾದರೆ ಮತ್ತೆ ಗೇರ್ ಸಿಗುವುದಿಲ್ಲ, ಬ್ರೇಕೂ ಸಾಲುವುದಿಲ್ಲ.

ಹೊಸ ಯಂತ್ರಗಳಲ್ಲಿ ಮಗುಚಿದಾಗ ಆಪರೇಟರ್ ಅಪ್ಪಚ್ಚಿಯಾಗದಂತೆ ಗಟ್ಟಿ ಉಕ್ಕಿನ ಚೌಕಟ್ಟು ಇರುತ್ತದೆ. ಅದಿದ್ದರೆ ಸೀಟ್ ಬೆಲ್ಟ್ ಕಟ್ಟಲೇಬೇಕು. ಬೆಲ್ಟ್ ಇಲ್ಲದೆ ಕೂತವನು ಹಾರಲು ನೋಡುತ್ತಾನೆ, ಹಾರಿದ ಕಡೆಗೇ ಯಂತ್ರವೂ ಬೀಳುತ್ತದೆ. ಬಿಸಿಲಿಗೆಂದು ಹಾಕಿದ ತಗಡಿನ ಚಾವಣಿ ಬೇರೆ, ಈ ಚೌಕಟ್ಟು ಬೇರೆ. ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಚೌಕಟ್ಟಿಲ್ಲದ ಹಳೆಯ ಯಂತ್ರವಾದರೆ ಅಂಚಿನ ಕೆಲಸ, ಕಡಿದಾದ ಇಳಿಜಾರಿನ ಕೆಲಸ ಆಗುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿಬಿಡಿ.

ಸೊಂಟ, ಕಿವಿ

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಈಗಿನ ವೈಬ್ರೇಟರ್ ರೋಲರ್‌ಗಳಲ್ಲಿ ಗಾಲಿಯೊಳಗಿನ ತೂಕ ತಿರುಗಿ ಸೆಕೆಂಡಿಗೆ ಮೂವತ್ತು ಅಥವಾ ಅದಕ್ಕೂ ಹೆಚ್ಚು ಸಲ ನೆಲವನ್ನು ಬಡಿಯುತ್ತದೆ. ಆ ಬಡಿತ ಸೀಟಿಗೆ ಬರದಂತೆ ಗಾಲಿಗೂ ಚೌಕಟ್ಟಿಗೂ ನಡುವೆ ರಬ್ಬರ್ ಗಟ್ಟಿಗಳಿರುತ್ತವೆ. ಆಪರೇಟರ್ ಕೂರುವ ಕಟ್ಟೆಯ ಕೆಳಗೂ ಇರುತ್ತವೆ. ಅವು ಒಡೆದರೆ, ಅವುಗಳ ಬೋಲ್ಟ್ ಸಡಿಲವಾದರೆ, ನೆಲಕ್ಕೆ ಹೋಗಬೇಕಾದ ಏಟು ನಿಮ್ಮ ಬೆನ್ನುಮೂಳೆಗೆ ಬರುತ್ತದೆ. "ಈಗೀಗ ಗಾಡಿ ಬಹಳ ಅಲ್ಲಾಡ್ತಾ ಇದೆ" ಎಂದು ಅನಿಸಿದರೆ ಮೊದಲು ಆ ರಬ್ಬರ್‌ಗಳನ್ನು ನೋಡಿ. ಸೊಂಟದ ಬೆಲ್ಟ್ ಕೊಳ್ಳುವುದು ಆಮೇಲೆ. ಸೀಟಿನ ಸ್ಪ್ರಿಂಗನ್ನು ನಿಮ್ಮ ತೂಕಕ್ಕೆ ಹೊಂದಿಸಿಕೊಳ್ಳುವ ತಿರುಪು ಇರುತ್ತದೆ. ಅದನ್ನು ಯಾರೂ ಮುಟ್ಟುವುದೇ ಇಲ್ಲ. ಹಿಂದಿನ ಆಪರೇಟರ್ ನಿಮಗಿಂತ ಇಪ್ಪತ್ತು ಕಿಲೋ ಹೆಚ್ಚಿದ್ದರೆ ಆ ಸೀಟು ನಿಮಗೆ ಕಲ್ಲಿನಂತಿರುತ್ತದೆ.

ಆಗಲೇ ಗಟ್ಟಿಯಾದ ನೆಲದ ಮೇಲೆ ವೈಬ್ರೇಷನ್ ಹಾಕಿ ಓಡಿಸಿದರೆ ಗಾಲಿ ನೆಲದಿಂದ ಪುಟಿಯುತ್ತದೆ. ಇದರಿಂದ ರಸ್ತೆಗೆ ಲಾಭವಿಲ್ಲ, ಯಂತ್ರಕ್ಕೂ ಸೊಂಟಕ್ಕೂ ನಷ್ಟ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವಾಗ, ನಿಂತಾಗ, ವೈಬ್ರೇಷನ್ ಆರಿಸಿ.

ಇಳಿಯುವಾಗ ಹಾರಬೇಡಿ. ಗಂಟೆಗಟ್ಟಲೆ ಅಲುಗಿದ ಬೆನ್ನಿನ ಸ್ನಾಯುಗಳು ದಣಿದಿರುತ್ತವೆ. ಆ ಹೊತ್ತಿನಲ್ಲಿ ನಾಲ್ಕಡಿ ಎತ್ತರದಿಂದ ಹಾರುವುದು, ಇಳಿದ ಕೂಡಲೇ ಡೀಸೆಲ್ ಕ್ಯಾನ್ ಎತ್ತುವುದು, ಇವೆರಡರಿಂದ ಸೊಂಟ ಹಿಡಿದುಕೊಂಡು ನನ್ನ ಬಳಿ ಬಂದವರು ಹಲವರು. ಯಂತ್ರಕ್ಕೆ ಮುಖ ಮಾಡಿ, ಹಿಡಿಕೆ ಹಿಡಿದು ಇಳಿಯಿರಿ. ನಾಲ್ಕೈದು ನಿಮಿಷ ಅಡ್ಡಾಡಿ. ಆಮೇಲೆ ಭಾರ ಎತ್ತಿ. ಸಂಜೆ ಮನೆಯಲ್ಲಿ ರೋಗನ್-ಎ-ಬಾಬೂನಾ ಅಥವಾ ಎಳ್ಳೆಣ್ಣೆ ಸ್ವಲ್ಪ ಬಿಸಿ ಮಾಡಿ ಮೃದುವಾಗಿ ತಿಕ್ಕಿ ಶಾಖ ಕೊಟ್ಟರೆ ಸ್ನಾಯು ಸಡಿಲಾಗುತ್ತದೆ. ಹಿಜಾಮಾ ಮಾಡಿಸಿಕೊಳ್ಳುವುದಾದರೆ ಕಲಿತವರ ಬಳಿಯೇ ಹೋಗಿ. ಬ್ಲೇಡು ಮತ್ತು ಕಪ್ಪು ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣದಿಂದ ತೆಗೆದದ್ದಾಗಿರಬೇಕು. ಸೊಂಟನೋವಿನ ಜೊತೆಗೆ ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಯ ಸಂದು ಅಥವಾ ಗುಪ್ತಾಂಗದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಎಣ್ಣೆ, ಹಿಜಾಮಾ ಯಾವುದಕ್ಕೂ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನರ ಒತ್ತಿಹೋಗಿದ್ದರೆ ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇದನ್ನು ಒಬ್ಬ ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಕಿವಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದಿನಕ್ಕೆ 8 ಗಂಟೆ 85 ಡೆಸಿಬಲ್ ಸದ್ದಿನಲ್ಲಿದ್ದರೆ ಕಿವಿಗೆ ಅಪಾಯ ಶುರು. ಸದ್ದು 3 ಡೆಸಿಬಲ್ ಏರಿದರೆ ಸುರಕ್ಷಿತ ಸಮಯ ಅರ್ಧಕ್ಕೆ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿರುವವರೊಡನೆ ಕೂಗಿ ಮಾತಾಡಬೇಕಾದರೆ ಆ ಮಿತಿ ದಾಟಿದೆ ಎಂದು ತಿಳಿಯಿರಿ. ಮನೆಯವರೇ ಇದನ್ನು ಮೊದಲು ಗುರುತಿಸಬಲ್ಲರು. ಟಿವಿಯ ಸದ್ದು ಏರಿಸುತ್ತಾ ಹೋಗುವುದು, ಮಕ್ಕಳು, ಹೆಂಗಸರು ಮಾತಾಡಿದ್ದು ಸರಿಯಾಗಿ ಕೇಳದಿರುವುದು, ರಾತ್ರಿ ಕಿವಿಯೊಳಗೆ ಗುಂಯ್‌ಗುಡುವುದು. ಬಾದಾಮಿ ಎಣ್ಣೆ ಬಿಟ್ಟರೆ ಸರಿಹೋಗುತ್ತದೆಂದು ನನ್ನ ಬಳಿ ಬರುತ್ತಾರೆ. ಸದ್ದಿನಿಂದ ಹೋದ ಶ್ರವಣಶಕ್ತಿ ಯಾವ ಎಣ್ಣೆಗೂ ಮರಳುವುದಿಲ್ಲ. ಹತ್ತಿ ತುರುಕಿಕೊಳ್ಳುವುದೂ ಸಾಲದು. ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಫೋಮ್ ಪ್ಲಗ್ಗನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಿರಿ.

ಬಿಸಿಲು, ನೀರು ಮತ್ತು ಬಾರದ ಬಿಡುವು

ಡಾಂಬರು ಮಿಶ್ರಣ ಘಟಕದಿಂದ ಹೊರಡುವಾಗ ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಅದು 100 ಡಿಗ್ರಿಯ ಆಸುಪಾಸಿಗೆ ಇಳಿಯುವ ಮೊದಲೇ ರೋಲಿಂಗ್ ಮುಗಿಯಬೇಕು, ಇಲ್ಲವಾದರೆ ರಸ್ತೆ ಗಟ್ಟಿಯಾಗುವುದಿಲ್ಲ. ಬಿಸಿ ಪದರದ ಮೇಲೆ ರೋಲರ್ ನಿಲ್ಲಿಸುವಂತೆಯೂ ಇಲ್ಲ, ನಿಂತಲ್ಲಿ ಗುಂಡಿ ಬೀಳುತ್ತದೆ. ಆದ್ದರಿಂದ ಆಪರೇಟರ್ ನೀರು ಕುಡಿಯಲು ಇಳಿಯುವುದಿಲ್ಲ, ಮೂತ್ರಕ್ಕೂ ಇಳಿಯುವುದಿಲ್ಲ. ಇಳಿಯಬೇಕಾಗುತ್ತದೆಂದು ನೀರನ್ನೇ ಕಡಿಮೆ ಮಾಡುತ್ತಾನೆ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಮೇಲಿನಿಂದ ಆ ಸೂರ್ಯ, ಕೆಳಗಿನಿಂದ ಡಾಂಬರು, ಪಕ್ಕದಲ್ಲಿ ಎಂಜಿನ್. ಮೂತ್ರದಲ್ಲಿ ಉರಿ, ಮೂತ್ರಪಿಂಡದ ಕಲ್ಲು ಇವರಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವೇನು? ಹೊರಹೋಗಬೇಕಾದದ್ದನ್ನು ತಡೆದರೆ ರೋಗ ಎಂದು ಇಬ್ನ್ ಸೀನಾರ ಕಾಲದಿಂದ ನಮ್ಮ ವೈದ್ಯರು ಹೇಳುತ್ತಲೇ ಬಂದಿದ್ದಾರೆ.

ಬಿಡುವು ತಾನಾಗಿ ಬರುವುದಿಲ್ಲ, ಅದನ್ನು ಮಾಡಿಕೊಳ್ಳಬೇಕು. ಒಂದು ಟಿಪ್ಪರ್ ಮಾಲು ಮುಗಿದು ಇನ್ನೊಂದು ಬರುವವರೆಗೆ ಸಿಗುವ ಸಮಯವನ್ನು ಮೊಬೈಲಿಗೆ ಕೊಡಬೇಡಿ. ತಣಿದ ಭಾಗಕ್ಕೆ ಯಂತ್ರ ಒಯ್ದು, ಇಳಿದು, ನೆರಳಿಗೆ ಹೋಗಿ. ಸೀಟಿನ ಪಕ್ಕ ನೀರಿನ ಬಾಟಲಿ ಕಟ್ಟಿಕೊಂಡಿರಿ, ಹದಿನೈದು ಇಪ್ಪತ್ತು ನಿಮಿಷಕ್ಕೊಂದು ಲೋಟದಂತೆ ಕುಡಿಯಿರಿ. ಬಾಯಾರಿಕೆ ಆಗಲಿ ಎಂದು ಕಾಯಬೇಡಿ. ಮಜ್ಜಿಗೆ, ನಿಂಬೆಯ ಶರಬತ್ತು, ಸಿಕಂಜಬೀನ್ ಒಳ್ಳೆಯವು. ಬಹಳ ಬೆವರಿದ ದಿನ ಒಂದು ಲೀಟರ್ ಕುಡಿಯುವ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಯಬಹುದು. ಚಮಚವೆಂದರೆ ಚಹಾದ ಚಮಚ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ತಮ್ಮ ವೈದ್ಯರನ್ನು ಕೇಳಿ ಕುಡಿಯಲಿ. ಚಹಾ ಮತ್ತು ಗುಟ್ಕಾದ ಮೇಲೆ ದಿನ ದೂಡುವವರಿಗೆ ನಾನು ಹೇಳುವುದಿಷ್ಟೆ: ಗುಟ್ಕಾ ಹಸಿವನ್ನೂ ಬಾಯಾರಿಕೆಯನ್ನೂ ಮರೆಸುತ್ತದೆ, ನೀಗಿಸುವುದಿಲ್ಲ.

ಯಾರಾದರೂ ಬಿಸಿಲಲ್ಲಿ ತೊದಲಲು, ಸಂಬಂಧವಿಲ್ಲದ ಮಾತಾಡಲು, ತೂರಾಡಲು ಶುರುಮಾಡಿದರೆ, ಮೈ ಬೆಂಕಿಯಂತೆ ಸುಡುತ್ತಿದ್ದರೆ, ಅದು ಬರೀ ಸುಸ್ತಲ್ಲ. ಬೆವರು ಇದ್ದರೂ ಇಲ್ಲದಿದ್ದರೂ ಅದನ್ನು ಬಿಸಿಲಾಘಾತ ಎಂದೇ ತಿಳಿಯಬೇಕು. ನೆರಳಿಗೆ ಎತ್ತಿ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಇರಿ, 108ಕ್ಕೆ ಫೋನ್ ಮಾಡಿ. ಗಾಲಿಗೆ ತಂದ ನೀರು ಅಲ್ಲೇ ಟ್ಯಾಂಕಿನಲ್ಲಿ ಇರುತ್ತದಲ್ಲ, ಮೊದಲು ಅದನ್ನೇ ಸುರಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ರಮಝಾನ್ ಬೇಸಿಗೆಯಲ್ಲಿ ಬಂದ ವರ್ಷಗಳಲ್ಲಿ ಹಲವು ಮನೆಗಳಿಂದ ಒಂದೇ ಪ್ರಶ್ನೆ ಬರುತ್ತಿತ್ತು: ಇವರು ಉಪವಾಸ ಹಿಡಿದು ರೋಲರ್ ಓಡಿಸಬಹುದೇ? ಶರೀಅತ್ತಿನ ತೀರ್ಪು ಆಲಿಮರದು, ಅವರನ್ನೇ ಕೇಳಬೇಕು. ರೋಗಿಗೆ, ಪ್ರಯಾಣಿಕನಿಗೆ ದೀನ್‌ನಲ್ಲಿ ರಿಯಾಯಿತಿ ಇರುವುದು ನಿಮಗೆ ಗೊತ್ತೇ ಇದೆ. ವೈದ್ಯನಾಗಿ ನಾನು ಹೇಳಬಹುದಾದದ್ದು ಇಷ್ಟು. ಮೂತ್ರಪಿಂಡದ ತೊಂದರೆ ಇರುವವರು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕಾಣಬೇಕು. ಸಕ್ಕರೆ ಇಳಿದು ಕಣ್ಣು ಮಂಜಾದರೆ ಆ ಯಂತ್ರದ ಮುಂದೆ ನಿಂತವನ ಜೀವವೂ ಹೋಗುತ್ತದೆ. ಆರೋಗ್ಯವಂತರು ಕೆಲಸದ ವೇಳೆಯನ್ನು ಫಜ್ರ್ ನಂತರಕ್ಕೆ ಅಥವಾ ರಾತ್ರಿಗೆ ಬದಲಿಸಿಕೊಡಲು ಗುತ್ತಿಗೆದಾರರನ್ನು ಕೇಳಬಹುದು. ಇಫ್ತಾರಿನಿಂದ ಸಹರಿಯವರೆಗೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಬೇಕು, ಸಹರಿಯಲ್ಲಿ ಒಮ್ಮೆಗೇ ಒಂದು ಲೀಟರ್ ಕುಡಿದರೆ ಅದು ಬೇಗನೆ ಮೂತ್ರವಾಗಿ ಹೋಗುತ್ತದೆ. ತರಾವೀಹ್ ಮುಗಿಸಿ, ಸಹರಿಗೆ ಎದ್ದು, ಮೂರು ಗಂಟೆ ನಿದ್ದೆಯಲ್ಲಿ ಯಂತ್ರ ಹತ್ತುವುದು ಬೇಡ. ಸಾಮಾನ್ಯ ದಿನಗಳಲ್ಲೂ ನೆಗಡಿ, ಅಲರ್ಜಿಯ ಎಷ್ಟೋ ಮಾತ್ರೆಗಳು ನಿದ್ದೆ ತರುತ್ತವೆ. ಔಷಧಿ ಕೊಡುವವರಿಗೆ "ನಾನು ಯಂತ್ರ ಓಡಿಸುತ್ತೇನೆ" ಎಂದು ಬಾಯಿಬಿಟ್ಟು ಹೇಳಿ.

ಹೊಗೆ, ಸುಟ್ಟ ಗಾಯ, ವುಝೂ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ರಸ್ತೆ ಕೆಲಸದ ಡಾಂಬರು ಹೊಗೆಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳಲ್ಲಿ ಇಟ್ಟಿದೆ. ಹೆದರಿ ಕೆಲಸ ಬಿಡಬೇಕಿಲ್ಲ. ಗಾಳಿ ಬೀಸುವ ದಿಕ್ಕು ನೋಡಿ ನಿಲ್ಲುವುದು, ಕಪ್ಪು ಹೊಗೆ ಬಿಡುವ ಎಂಜಿನ್ನಿನ ಏರ್ ಫಿಲ್ಟರ್ ಮತ್ತು ಇಂಧನದ ವ್ಯವಸ್ಥೆಯನ್ನು ಸರಿಪಡಿಸುವುದು, ತುಂಬು ತೋಳಿನ ಹತ್ತಿಯ ಅಂಗಿ ತೊಡುವುದು, ಹೊಗೆಯ ಮೇಲೆ ಬೀಡಿಯ ಹೊಗೆಯನ್ನೂ ಸೇರಿಸದಿರುವುದು ನಮ್ಮ ಕೈಯಲ್ಲಿವೆ. ಆ ಬಟ್ಟೆಗಳನ್ನು ಮನೆಯಲ್ಲಿ ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ.

ಬಿಸಿ ಡಾಂಬರು ಚರ್ಮದ ಮೇಲೆ ಬಿದ್ದರೆ ಕೂಡಲೇ ತಣ್ಣೀರು ಸುರಿಯಬೇಕು, ಕನಿಷ್ಠ ಇಪ್ಪತ್ತು ನಿಮಿಷ. ಐಸ್ ಬೇಡ. ಅಂಟಿದ ಡಾಂಬರನ್ನು ಕಿತ್ತು ತೆಗೆಯಬೇಡಿ, ಅದರ ಜೊತೆ ಚರ್ಮವೂ ಬರುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ನಮ್ಮ ಯುನಾನಿ ಮರ್ಹಮ್‌ಗಳೂ ಮೊದಲ ದಿನಕ್ಕಲ್ಲ. ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ. ಡಾಂಬರು ಬೆರಳನ್ನೋ ಕೈಯನ್ನೋ ಸುತ್ತಲೂ ಬಳೆಯಂತೆ ಸುತ್ತಿಕೊಂಡಿದ್ದರೆ ಇನ್ನೂ ಬೇಗ ಹೋಗಬೇಕು. ಅದು ತಣಿದು ಗಟ್ಟಿಯಾದಾಗ ರಕ್ತ ಓಡಾಟವನ್ನೇ ನಿಲ್ಲಿಸಬಲ್ಲದು. ಕಣ್ಣಿಗೆ ಬಿದ್ದರೆ ನೀರು ಸುರಿಯುತ್ತಲೇ ಆಸ್ಪತ್ರೆಯ ದಾರಿ ಹಿಡಿಯಿರಿ.

ಈಗ ಮೊದಲು ಹೇಳಿದ ಕೊಬ್ಬರಿ ಎಣ್ಣೆ. ತಣ್ಣಗಿನ ಡಾಂಬರು, ಗ್ರೀಸ್ ಕೈಗೆ ಅಂಟಿದ್ದರೆ, ಗಾಯವಿಲ್ಲದಿದ್ದರೆ, ಅಡುಗೆಯ ಎಣ್ಣೆ ಯಾವುದಾದರೂ ಸರಿ, ಧಾರಾಳವಾಗಿ ಹಚ್ಚಿ ಎರಡು ಮೂರು ನಿಮಿಷ ಬಿಡಿ. ಡಾಂಬರು ಮೆತ್ತಗಾಗುತ್ತದೆ. ಹಳೆಯ ಬಟ್ಟೆಯಲ್ಲಿ ಒರೆಸಿ, ಬೇಕಾದರೆ ಇನ್ನೊಮ್ಮೆ ಹಚ್ಚಿ, ಆಮೇಲೆ ಸಾಬೂನಿನಲ್ಲಿ ಎಣ್ಣೆ ಜಿಡ್ಡು ಹೋಗುವಂತೆ ತೊಳೆಯಿರಿ. ಡೀಸೆಲ್, ಪೆಟ್ರೋಲ್, ಥಿನ್ನರ್, ಮರಳು ಬೇಡವೇ ಬೇಡ. ಇದಾದ ಮೇಲೂ ಉಗುರಿನ ಅಂಚಿನಲ್ಲಿ ಕಪ್ಪು ಉಳಿಯುತ್ತದೆ. ನೀರು ತಡೆಯುವ ಪದರ ಬೇರೆ, ಬರೀ ಬಣ್ಣದ ಕಲೆ ಬೇರೆ. ಈ ವ್ಯತ್ಯಾಸವನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಒಮ್ಮೆ ಕೇಳಿ ತಿಳಿದುಕೊಂಡರೆ ಎಷ್ಟೋ ಅಂಗೈಗಳು ಉಳಿಯುತ್ತವೆ. ನನ್ನ ಆ ರೋಗಿಯೂ ಕೇಳಿ ಬಂದರು. ಕೆಲಸಕ್ಕೆ ಹೋಗುವಾಗ ಕೈಗವಸು, ಜೇಬಿನಲ್ಲಿ ಎಣ್ಣೆಯ ಸಣ್ಣ ಬಾಟಲಿ, ರಾತ್ರಿ ಮಲಗುವಾಗ ಅಂಗೈಗೆ ಮೋಮ್-ರೋಗನ್. ಒಂದೂವರೆ ತಿಂಗಳಲ್ಲಿ ಬಿರುಕು ಕೂಡಿತು.

ಸ್ಪ್ಯಾನರ್ ಹಿಡಿಯುವ ಮೊದಲು

ಬೆಳಗಿನ ತಪಾಸಣೆ ಅನುಭವಿಗಳಿಗೆ ನಾನು ಕಲಿಸಬೇಕಾದದ್ದಲ್ಲ. ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಹೈಡ್ರಾಲಿಕ್ ಎಣ್ಣೆ, ಬ್ರೇಕ್, ಹಾರ್ನ್, ಕನ್ನಡಿ, ನೆಲದ ಮೇಲೆ ಸೋರಿದ ಗುರುತು. ಆದರೆ ರಿಪೇರಿಯಲ್ಲಿ ಆಗುವ ಮೂರು ಗಾಯಗಳನ್ನು ವೈದ್ಯನಾಗಿ ಹೇಳಲೇಬೇಕು.

ಹೈಡ್ರಾಲಿಕ್ ಪೈಪು ಎಲ್ಲಿ ಸೋರುತ್ತಿದೆ ಎಂದು ಬೆರಳು ಸವರಿ ಹುಡುಕುತ್ತಾರೆ. ಸೂಜಿಯಷ್ಟು ಸಣ್ಣ ತೂತಿನಿಂದ ಅತಿ ಒತ್ತಡದಲ್ಲಿ ಬರುವ ಎಣ್ಣೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟು ಗುರುತು, ಮೊದಲ ಗಂಟೆಗಳಲ್ಲಿ ಹೆಚ್ಚು ನೋವೂ ಇರುವುದಿಲ್ಲ. ಒಳಗೆ ಮಾಂಸ ಸಾಯುತ್ತಿರುತ್ತದೆ. ನಾಳೆ ನೋಡೋಣ ಎಂದವರು ಬೆರಳನ್ನೇ ಕಳೆದುಕೊಳ್ಳಬಹುದು. ಕೂಡಲೇ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ" ಎಂದು ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿದರೆ ಸಾಕು.

ಎರಡನೆಯದು, ಎಂಜಿನ್ ಬಿಸಿ ಇರುವಾಗಲೇ ರೇಡಿಯೇಟರ್ ಮುಚ್ಚಳ ತೆರೆಯುವುದು. ಮುಖಕ್ಕೆ ಕುದಿಯುವ ನೀರು ಚಿಮ್ಮುತ್ತದೆ. ಮೂರನೆಯದು, ನಡುವೆ ಬಳುಕುವ ರೋಲರ್‌ಗಳಲ್ಲಿ ಮುಂದಿನ ಭಾಗ ಹಿಂದಿನ ಭಾಗ ಕೂಡುವ ಜಾಗ. ಸ್ಟಿಯರಿಂಗ್ ಅಲುಗಿದರೆ ಅಲ್ಲಿ ನಿಂತವನ ಎದೆ ಇಕ್ಕಳದಲ್ಲಿ ಸಿಕ್ಕಂತೆ. ಅಲ್ಲಿ ಗ್ರೀಸ್ ಹಾಕುವ ಮೊದಲು ಎಂಜಿನ್ ಆರಿಸಿ ಕೀಲಿ ತೆಗೆದುಕೊಳ್ಳಿ. ಬಳುಕದಂತೆ ತಡೆಯುವ ಲಾಕ್ ಪಿನ್ ಅಲ್ಲೇ ಇರುತ್ತದೆ, ಅದನ್ನು ಹಾಕಿ. ಬಹಳ ಯಂತ್ರಗಳಲ್ಲಿ ಆ ಪಿನ್ ಎಂದೋ ಕಳೆದುಹೋಗಿರುತ್ತದೆ. ಹೊಸದನ್ನು ತರಿಸಿ.

ಕೊನೆಗೆ ಮನೆಯವರು ನೋಡಿಕೊಳ್ಳಬೇಕಾದ ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಪರವಾನಗಿಯ ವರ್ಗಗಳನ್ನು ಹೇಳುವಾಗ ರೋಡ್ ರೋಲರನ್ನು ಬೇರೆಯಾಗಿಯೇ ಹೆಸರಿಸಲಾಗಿದೆ. ಲೈಸೆನ್ಸಿನಲ್ಲಿ ಅದು ಇದೆಯೇ ನೋಡಿ, ಇಲ್ಲವಾದರೆ ಅಪಘಾತವಾದ ದಿನ ಪರಿಹಾರದ ಮಾತು ಕಷ್ಟವಾಗುತ್ತದೆ. ರಸ್ತೆ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕೆಲಸ ಮಾಡಿರಬೇಕು. ರೋಲರಿನ ಪಕ್ಕದಲ್ಲಿ ಬಕೆಟ್ ಹಿಡಿದು ನಡೆಯುವ ಹುಡುಗನಿಗೆ ಹದಿನೆಂಟು ತುಂಬಿದ್ದರೆ ಅವನೂ ಸೇರಬಹುದು. ತುಂಬಿಲ್ಲದಿದ್ದರೆ ಅವನು ಅಲ್ಲಿ ಇರಲೇಬಾರದು.